ಬಿತ್ತನೆ ಗಡ್ಡೆಯ ಬೆಲೆ ಮತ್ತು ಅರ್ಥಶಾಸ್ತ್ರದ ಪಾಠ

(ಹಾಸನದಲ್ಲಿ ಪದವಿ ಕಾಲೇಜುಗಳ ಅರ್ಥಶಾಸ್ತ್ರ ಅಧ್ಯಾಪಕರು ಮತ್ತು ಸ್ನಾತಕೋತ್ತರ ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸವನ್ನು ತಿದ್ದಿ, ಕೆಲವೆಡೆ ವಿಸ್ತರಿಸಿ ಇಲ್ಲಿ ಬರಹಕ್ಕೆ ಇಳಿಸಿದ್ದೇನೆ.)

ಅಧ್ಯಾಪಕರ ವೃತ್ತಿಯಲ್ಲಿ ಬೋಧನೆ ಮತ್ತು ಸಂಶೋಧನೆಯ ಸ್ಥಾನವೇನು ಎಂಬ ವಿಷಯವನ್ನು ಸಂಘಟಕರು ನನಗೆ ವಹಿಸಿದ್ದಾರೆ. ಇವೆರಡನ್ನೂ ಬೇರೆ ಬೇರೆ ಕೆಲಸಗಳೆಂದು ಎಣಿಸುವುದು ಈಗ ರೂಢಿಯಾಗಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ ನಿಯಮದ ಪ್ರಕಾರ ಸಹಾಯಕ ಪ್ರಾಧ್ಯಾಪಕರು ವಾರಕ್ಕೆ 16 ಗಂಟೆ ತರಗತಿಯಲ್ಲಿ ಪಾಠ ಮಾಡಬೇಕು. 2010ರ ನಿಯಮಾವಳಿ ಬಂದ ಮೇಲೆ ಬಡ್ತಿಗಾಗಿ ಲೇಖನ, ವಿಚಾರ ಸಂಕಿರಣ, ಸಂಶೋಧನಾ ಯೋಜನೆಗಳಿಗೆ ಬೇರೆಯಾಗಿ ಅಂಕಗಳ ಲೆಕ್ಕ ಇಡುವ ಪದ್ಧತಿಯೂ ಬೆಳೆಯಿತು. ಹೀಗಾಗಿ ಪಾಠವೆಂಬುದು ಮುಗಿಸಬೇಕಾದ ಕರ್ತವ್ಯವಾಗಿಯೂ, ಸಂಶೋಧನೆಯೆಂಬುದು ರಜೆಯಲ್ಲಿ ಮಾಡಬೇಕಾದ ಕೆಲಸವಾಗಿಯೂ ನಮ್ಮ ಮನಸ್ಸಿನಲ್ಲಿ ಕುಳಿತುಬಿಟ್ಟಿವೆ. ಜಿಲ್ಲಾ ಕೇಂದ್ರದ ಕಾಲೇಜಿನಲ್ಲಿ ವೃತ್ತಿಜೀವನವನ್ನೆಲ್ಲ ಕಳೆದ ನನ್ನ ಅನುಭವ ಇದನ್ನು ಒಪ್ಪುವುದಿಲ್ಲ. ಈ ಜಿಲ್ಲೆಯ ಆರ್ಥಿಕತೆಯನ್ನು ಒಳಗಿನಿಂದ ಬಲ್ಲವರು ನಮ್ಮ ತರಗತಿಯ ಬೆಂಚುಗಳ ಮೇಲೆಯೇ ಕುಳಿತಿದ್ದಾರೆ. ಅವರಿಗೆ ಪಾಠ ಮಾಡುವುದೂ ಅವರಿಂದ ಕೇಳಿ ತಿಳಿಯುವುದೂ ಒಂದೇ ಕೆಲಸವಾಗಬಲ್ಲದು ಎಂಬುದನ್ನು ಈ ನಾಡಿನ ಒಂದು ಬೆಳೆಯಾದ ಆಲೂಗಡ್ಡೆಯ ಮೂಲಕ ವಿವರಿಸಲು ಪ್ರಯತ್ನಿಸುತ್ತೇನೆ.

ಹಾಸನ ಜಿಲ್ಲೆಯ ಎಂಟು ತಾಲೂಕುಗಳನ್ನು ಸುತ್ತಿ ಬಂದರೆ ಸೂಕ್ಷ್ಮ ಅರ್ಥಶಾಸ್ತ್ರದ ಪಠ್ಯದಲ್ಲಿರುವ ಮಾರುಕಟ್ಟೆಯ ರೂಪಗಳು ಬಹುತೇಕ ಎಲ್ಲವೂ ಕಣ್ಣಿಗೆ ಬೀಳುತ್ತವೆ. ಅರಕಲಗೂಡು ತಾಲೂಕಿನ ರಾಮನಾಥಪುರದಲ್ಲಿ ಹೊಗೆಸೊಪ್ಪು ತಂಬಾಕು ಮಂಡಳಿಯ ಉಸ್ತುವಾರಿಯಲ್ಲಿ ಹರಾಜಾಗುತ್ತದೆ, ಎಷ್ಟು ಬೆಳೆಯಬಹುದೆಂಬ ಮಿತಿಯನ್ನೂ ಮಂಡಳಿಯೇ ವಿಧಿಸುತ್ತದೆ. ಸಕಲೇಶಪುರ, ಬೇಲೂರು ಕಡೆಯ ಕಾಫಿ ದಶಕಗಳ ಕಾಲ ಕಾಫಿ ಮಂಡಳಿಯ ಪೂಲಿಗೆ, ಅಂದರೆ ಎಲ್ಲರ ಫಸಲನ್ನು ಒಟ್ಟುಗೂಡಿಸಿ ಮಂಡಳಿಯೇ ಮಾರುವ ವ್ಯವಸ್ಥೆಗೆ, ಹೋಗುತ್ತಿತ್ತು. 1992ರಿಂದ ಆ ಕಟ್ಟು ಹಂತಹಂತವಾಗಿ ಸಡಿಲಗೊಂಡು 1996ರಲ್ಲಿ ಬೆಳೆಗಾರರು ತಮ್ಮ ಪೂರ್ತಿ ಫಸಲನ್ನು ತಾವೇ ಮಾರುವ ಸ್ವಾತಂತ್ರ್ಯ ಪಡೆದರು. ಅರಸೀಕೆರೆ, ಚನ್ನರಾಯಪಟ್ಟಣದ ಕೊಬ್ಬರಿಗೆ ಬೆಂಬಲ ಬೆಲೆಯಿದೆ. ಹಾಲಿಗೆ ಸಹಕಾರ ಸಂಘವಿದೆ. ಜಿಡ್ಡಿನಂಶ ನೋಡಿ ದರ ಕೊಡುವ ಪದ್ಧತಿ ಹಳ್ಳಿಯ ಪ್ರತಿ ಮನೆಗೂ ಗೊತ್ತು. ಆಲೂಗಡ್ಡೆಗೆ ಮಾತ್ರ ಮಂಡಳಿಯೂ ಇಲ್ಲ, ಬೆಂಬಲ ಬೆಲೆಯೂ ಇಲ್ಲ, ಹಾಲಿನಂತೆ ದಿನವೂ ಬಂದು ಕೊಳ್ಳುವ ಖಾಯಂ ಗಿರಾಕಿಯೂ ಇಲ್ಲ. ಬೆಳೆಗಾರ ಮಾರುಕಟ್ಟೆಗೆ ನೇರವಾಗಿ ಮುಖ ಕೊಟ್ಟು ನಿಲ್ಲುವ ಬೆಳೆ ಇದು. ಪಾಠಕ್ಕೂ ಅಧ್ಯಯನಕ್ಕೂ ನಾನು ಇದನ್ನು ಆರಿಸಿಕೊಂಡದ್ದಕ್ಕೆ ಮೊದಲ ಕಾರಣ ಅದು.

ಎರಡನೆಯ ಕಾರಣ ಈ ಬೆಳೆಯ ವಿಚಿತ್ರ ಭೂಗೋಳ. ಭಾರತದ ಆಲೂಗಡ್ಡೆಯಲ್ಲಿ ಬಹುಪಾಲು ಉತ್ತರ ಪ್ರದೇಶ, ಪಶ್ಚಿಮ ಬಂಗಾಳ, ಬಿಹಾರದಂತಹ ಗಂಗಾ ಬಯಲಿನ ರಾಜ್ಯಗಳಲ್ಲಿ ಚಳಿಗಾಲದ ಬೆಳೆಯಾಗಿ ಬರುತ್ತದೆ. ಹಾಸನದಲ್ಲಿ ಅದು ಮುಂಗಾರಿನ ಬೆಳೆ, ಮಳೆಯನ್ನೇ ನಂಬಿದ ಬೆಳೆ. ಭರಣಿ, ಕೃತ್ತಿಕೆ ಮಳೆ ಬಿದ್ದು ನೆಲ ಹದವಾದರೆ ಬಿತ್ತನೆ ಶುರು, ಆಗಸ್ಟ್ ಸೆಪ್ಟೆಂಬರಿನಲ್ಲಿ ಕೀಳುವುದು. ಉತ್ತರದ ಹೊಸ ಫಸಲು ಬರುವುದಕ್ಕೆ ಇನ್ನೂ ತಿಂಗಳುಗಳಿರುವಾಗ ನಮ್ಮದು ಹೊಸ ಗಡ್ಡೆಯಾಗಿ ಮಂಡಿಗೆ ಬರುತ್ತದೆ ಎಂಬುದು ಅದರ ಅನುಕೂಲ. ಮಳೆಗಾಲದ ಗಡ್ಡೆಯಲ್ಲಿ ನೀರಿನಂಶ ಹೆಚ್ಚಿರುವುದರಿಂದ ಕೂಡಿಡಲು ಬರುವುದಿಲ್ಲ, ಕಿತ್ತ ಕೂಡಲೇ ಮಾರಬೇಕು ಎಂಬುದು ಅನನುಕೂಲ.

ಬಿತ್ತನೆ ಗಡ್ಡೆಯಂತೂ ಇಲ್ಲಿಯದೇ ಅಲ್ಲ. ಅದು ಪ್ರತಿ ವರ್ಷ ಪಂಜಾಬಿನ ಜಲಂಧರ್ ಸೀಮೆಯಿಂದ ಲಾರಿಗಳಲ್ಲಿ ಬರಬೇಕು. ನಮ್ಮ ಮುಂಗಾರಿನ ಹವೆಯಲ್ಲಿ ಗಿಡಹೇನುಗಳ ಕಾಟ ಹೆಚ್ಚು, ಅವು ಹರಡುವ ನಂಜು (ವೈರಸ್) ರೋಗಗಳಿಂದ ಗಡ್ಡೆ ವರ್ಷದಿಂದ ವರ್ಷಕ್ಕೆ ಕ್ಷೀಣಿಸುತ್ತದೆ. ಹೇನಿನ ಹಾವಳಿ ಕಡಿಮೆಯಿರುವ ಚಳಿಯ ವಾರಗಳನ್ನು ಹಿಡಿದು ಉತ್ತರದ ಬಯಲಿನಲ್ಲಿ ಬಿತ್ತನೆ ಗಡ್ಡೆ ಬೆಳೆಯುವ ತಂತ್ರವನ್ನು ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ರೂಪಿಸಿದರು. ಅಲ್ಲಿಂದ ಮುಂದೆ ನಮ್ಮ ಬೆಳೆಗಾರ ಪಂಜಾಬಿನ ಗಡ್ಡೆಗೆ ಅಂಟಿಕೊಂಡ. ಎಕರೆಗೆ ಸುಮಾರು 6ರಿಂದ 8 ಕ್ವಿಂಟಲ್ ಬಿತ್ತನೆ ಬೇಕು. ರಾಗಿಗೆ ಎಕರೆಗೆ ಕೆಲವೇ ಕಿಲೋ ಸಾಕಾಗುವ ನಾಡಿನಲ್ಲಿ ಇದೆಂಥ ಭಾರವೆಂಬುದನ್ನು ಯೋಚಿಸಬೇಕು. ಬೇಸಾಯದ ಖರ್ಚಿನಲ್ಲಿ ಅತಿ ದೊಡ್ಡ ಬಾಬ್ತು ಬಿತ್ತನೆ ಗಡ್ಡೆಯೇ, ಅದನ್ನೂ ಮಳೆ ಹೇಗೆ ಬರುವುದೆಂದು ತಿಳಿಯುವ ಮೊದಲೇ ಕೈಯಿಂದ ಹಾಕಬೇಕು.

ಈ ಹಿನ್ನೆಲೆಯಲ್ಲಿ ಜೇಡರಬಲೆ ಪ್ರಮೇಯದ ಪಾಠಕ್ಕೆ ಬರುತ್ತೇನೆ. ಈ ಬೆಲೆಯೇರಿಳಿತದ ಚಿತ್ರಕ್ಕೆ 1934ರಲ್ಲಿ ಹೆಸರು ಕೊಟ್ಟವರು ನಿಕೊಲಸ್ ಕಾಲ್ಡರ್, ಅದನ್ನು ವಿಸ್ತಾರವಾಗಿ ಮಂಡಿಸಿದವರು 1938ರಲ್ಲಿ ಮೊರ್ಡೆಕೈ ಎಜೆಕಿಯಲ್. ಕಳೆದ ವರ್ಷದ ಬೆಲೆ ನೋಡಿ ರೈತ ಈ ವರ್ಷ ಎಷ್ಟು ಬಿತ್ತಬೇಕೆಂದು ನಿರ್ಧರಿಸುತ್ತಾನೆ. ಬೆಲೆ ಹೆಚ್ಚಿದ್ದರೆ ಎಲ್ಲರೂ ಬಿತ್ತುತ್ತಾರೆ, ಫಸಲು ಹೆಚ್ಚಿ ಬೆಲೆ ಕುಸಿಯುತ್ತದೆ. ಮರುವರ್ಷ ಬಿತ್ತನೆ ಕಡಿಮೆಯಾಗಿ ಬೆಲೆ ಏರುತ್ತದೆ. ಕಪ್ಪು ಹಲಗೆಯ ಮೇಲೆ ಬೇಡಿಕೆ ಮತ್ತು ಪೂರೈಕೆಯ ರೇಖೆಗಳ ನಡುವೆ ಸುತ್ತುತ್ತ ಹೋಗುವ ಗೆರೆಯನ್ನು ನಾವೆಲ್ಲರೂ ಎಳೆದಿದ್ದೇವೆ. ಆಲೂಗಡ್ಡೆಯನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಇದನ್ನು ವಿವರಿಸುವಾಗ ಆಲೂರು, ಹಾಸನ, ಬೇಲೂರು ಕಡೆಯ ವಿದ್ಯಾರ್ಥಿಗಳಿಗೆ ನಾನು ಒಂದು ಪ್ರಶ್ನೆ ಕೊಡುತ್ತಿದ್ದೆ: ಈ ಸಲ ಎಷ್ಟು ಬಿತ್ತಬೇಕೆಂಬುದನ್ನು ನಿಮ್ಮ ಮನೆಯಲ್ಲಿ ಯಾರು, ಯಾವಾಗ, ಏನನ್ನು ನೋಡಿ ತೀರ್ಮಾನಿಸಿದರು? ಮನೆಯಲ್ಲಿ ಕೇಳಿ ಬರೆದುಕೊಂಡು ಬನ್ನಿ.

ಬಂದ ಉತ್ತರಗಳಲ್ಲಿ ಕಳೆದ ವರ್ಷದ ಮಾರಾಟದ ಬೆಲೆ ಇತ್ತು, ಆದರೆ ಅದಕ್ಕಿಂತ ಮುಂದಾಗಿ ಬಿತ್ತನೆ ಗಡ್ಡೆಯ ಬೆಲೆ ಇತ್ತು. "ಈ ಸಲ ಬೀಜ ಅಗ್ಗ ಸಿಕ್ಕಿತು, ಅದಕ್ಕೇ ಇನ್ನೊಂದು ಎಕರೆ ಹಾಕಿದೆವು" ಎಂಬ ಅರ್ಥದ ಮಾತು ವರ್ಷದಿಂದ ವರ್ಷಕ್ಕೆ, ಬೇರೆ ಬೇರೆ ಊರಿನ ಮನೆಗಳಿಂದ ಬರತೊಡಗಿತು. ನಾನು ಆ ಹಾಳೆಗಳನ್ನು ಎಸೆಯದೆ ಕಟ್ಟಿ ಇಡುತ್ತಿದ್ದೆ. ಬೆಳೆಗಾರರು ಬೆಲೆಗೆ ಹೇಗೆ ಸ್ಪಂದಿಸುತ್ತಾರೆಂಬುದನ್ನು ಲೆಕ್ಕ ಹಾಕುವ ವಿಧಾನವನ್ನು ಮಾರ್ಕ್ ನೆರ್ಲೋವ್ 1958ರಲ್ಲಿ ಕೊಟ್ಟಿದ್ದರು. ಅವಿಭಜಿತ ಪಂಜಾಬಿನ ಬೆಳೆಗಳ ಮೇಲೆ ರಾಜ್ ಕೃಷ್ಣ ಅವರು 1963ರಲ್ಲಿ ಪ್ರಕಟಿಸಿದ ಅಧ್ಯಯನ ಭಾರತದ ರೈತ ಬೆಲೆಗೆ ಸ್ಪಂದಿಸುವುದಿಲ್ಲ ಎಂಬ ನಂಬಿಕೆಯನ್ನು ಅಲುಗಾಡಿಸಿತ್ತು. ಆ ವಿಧಾನಗಳಲ್ಲಿ ಮುಖ್ಯವಾಗಿ ನಿಲ್ಲುವುದು ಫಸಲಿನ ಬೆಲೆ. ಹಾಸನದ ಆಲೂಗಡ್ಡೆಯ ಮಟ್ಟಿಗೆ ಬಿತ್ತನೆಯ ಬೆಲೆಯೂ ಅಷ್ಟೇ ಮುಖ್ಯವಾಗಿ ನಿಲ್ಲಬೇಕು ಎಂಬುದು ಆ ಹಾಳೆಗಳು ಹೇಳುತ್ತಿದ್ದ ವಿಷಯ.

ಇದರ ಮುಂದಿನ ಹೆಜ್ಜೆಯೇ ನನಗೆ ಬಹಳ ಬೆಲೆಯುಳ್ಳದ್ದಾಗಿ ಕಂಡದ್ದು. ಬಿತ್ತನೆ ಗಡ್ಡೆ ಯಾವ ವರ್ಷ ಅಗ್ಗವಾಗುತ್ತದೆ? ಉತ್ತರ ಭಾರತದಲ್ಲಿ ಚಳಿಗಾಲದ ಫಸಲು ತುಂಬಿ ಬಂದು ಅಲ್ಲಿಯ ಬೆಲೆ ನೆಲ ಕಚ್ಚಿದ ವರ್ಷ. ಅದೇ ಫಸಲಿನ ಬಹುಭಾಗ ಶೈತ್ಯಾಗಾರಗಳಿಗೆ ಹೋಗಿ, ಅಲ್ಲಿಂದ ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಹೊರಬರುತ್ತದೆ. ಆಗಸ್ಟ್ ಸೆಪ್ಟೆಂಬರಿನಲ್ಲಿ ನಮ್ಮ ಗಡ್ಡೆ ಮಂಡಿಗೆ ಬರುವಾಗ ಬೆಂಗಳೂರು, ಚೆನ್ನೈ ಕಡೆಯ ವ್ಯಾಪಾರಿಗಳ ಮುಂದೆ ಉತ್ತರದ ಶೈತ್ಯಾಗಾರದ ಅಗ್ಗದ ಗಡ್ಡೆಯೂ ಇರುತ್ತದೆ. ಅಂದರೆ ಏಪ್ರಿಲ್ ಮೇ ತಿಂಗಳಲ್ಲಿ ಬೆಳೆಗಾರನನ್ನು ಹೆಚ್ಚು ಬಿತ್ತಲು ಕರೆಯುವ ಅಗ್ಗದ ಬೆಲೆಯೇ, ಕೀಳುವ ಹೊತ್ತಿಗೆ ಅವನ ಗಡ್ಡೆಗೆ ಬೆಲೆ ಬಾರದಿರುವ ಸಂಭವದ ಸೂಚನೆಯೂ ಹೌದು. ಇದಕ್ಕೆ ಅಪವಾದಗಳಿವೆ: ಮಳೆ ಕೈಕೊಟ್ಟು ನಮ್ಮಲ್ಲಿ ಫಸಲು ಕುಸಿದ ವರ್ಷ, ಉತ್ತರದ ದಾಸ್ತಾನು ಬೇಗ ಖಾಲಿಯಾದ ವರ್ಷ. ಹೊಸ ಗಡ್ಡೆಗೆ ಹಳೆಯ ಗಡ್ಡೆಗಿಂತ ಮೇಲ್ಬೆಲೆ ಸಿಗುವುದೂ ಉಂಟು. ಆದರೂ ಬಿತ್ತನೆ ಬೆಲೆಯನ್ನು ಖರ್ಚೆಂದು ಮಾತ್ರ ಓದದೆ ಮುನ್ಸೂಚನೆಯೆಂದೂ ಓದಬೇಕು ಎಂಬ ತಿಳಿವಳಿಕೆ ತರಗತಿಯಲ್ಲಿ ಹುಟ್ಟಿದ್ದು. ಹಲಗೆಯ ಮೇಲಿನ ಆ ಬಲೆಯ ಒಂದು ಎಳೆ ಜಲಂಧರದಲ್ಲಿ ಕಟ್ಟಿದೆ ಎಂದು ವಿದ್ಯಾರ್ಥಿಗಳಿಗೆ ಮನದಟ್ಟಾದ ದಿನ ಅವರು ಪರೀಕ್ಷೆಯ ಚಿಂತೆ ಬಿಟ್ಟು ವಾದಿಸುತ್ತಿದ್ದರು. ಅಂಥ ವಾದವನ್ನು ಎಬ್ಬಿಸುವುದಕ್ಕಿಂತ ದೊಡ್ಡ ಕೆಲಸ ಅರ್ಥಶಾಸ್ತ್ರದ ಅಧ್ಯಾಪಕರಿಗೆ ಇದೆಯೆಂದು ನಾನು ತಿಳಿದಿಲ್ಲ.

ಬಿತ್ತನೆಯ ಸಮಯದಲ್ಲಿ ಹಾಸನದ ಎಪಿಎಂಸಿ ಪ್ರಾಂಗಣಕ್ಕೆ ವಿದ್ಯಾರ್ಥಿಗಳನ್ನು ಕರೆದೊಯ್ಯುವುದು ನನ್ನ ಪಾಠದ ಭಾಗವಾಗಿತ್ತು. ಅಲ್ಲಿ ಬೆಳೆಗಾರರು ಮೂಟೆಯ ಬಾಯಿ ಬಿಚ್ಚಿ, ಒಂದು ಗಡ್ಡೆ ತೆಗೆದು, ಉಗುರಿನಿಂದ ಸಿಪ್ಪೆ ಕೆರೆದು ನೋಡುತ್ತಾರೆ. ಚಾಕುವಿನಿಂದ ಎರಡು ಹೋಳು ಮಾಡಿ, ಒಳಗೆ ಕಂದು ಉಂಗುರವಿದೆಯೇ ಎಂದು ಬೆಳಕಿಗೆ ಹಿಡಿಯುತ್ತಾರೆ; ಹಾಗಿದ್ದರೆ ಅದು ದುಂಡಾಣು ಸೊರಗು ರೋಗದ ಗುರುತು. ಮೊಳಕೆ ಎಷ್ಟು ಬಂದಿದೆ, ಗಡ್ಡೆಗೆ ಎಷ್ಟು ಕಣ್ಣುಗಳಿವೆ ಎಂದು ಎಣಿಸುತ್ತಾರೆ. ಸಣ್ಣ ಗಡ್ಡೆಯ ಮೂಟೆಗೆ ಕೈ ಮುಂದಾಗುವುದಕ್ಕೂ ಕಾರಣವಿದೆ. ತೂಕ ಒಂದೇ ಆದರೂ ಸಣ್ಣ ಗಡ್ಡೆಯ ಮೂಟೆಯಲ್ಲಿ ಗಡ್ಡೆಗಳ ಸಂಖ್ಯೆ ಹೆಚ್ಚು, ಹೆಚ್ಚು ಸಾಲು ತುಂಬುತ್ತದೆ, ಕತ್ತರಿಸದೆ ಇಡಿಯಾಗಿ ನೆಟ್ಟರೆ ಕತ್ತಿಯಿಂದ ರೋಗ ಹರಡುವ ಭಯವೂ ಇಲ್ಲ. ರೈತ ದುಡ್ಡು ಕೊಡುವುದು ಕಿಲೋಗೆ, ಅವನಿಗೆ ಬೇಕಾಗಿರುವುದು ಕಣ್ಣು. ಉತ್ಪಾದನಾ ಸಾಧನವನ್ನು ಯಾವ ಮಾನದಲ್ಲಿ ಅಳೆಯಬೇಕೆಂಬ ಪ್ರಶ್ನೆಯನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಉದಾಹರಣೆ ನನಗೆ ಬೇರೆ ಸಿಕ್ಕಿಲ್ಲ.

ಆದರೆ ಇಷ್ಟೆಲ್ಲ ಪರೀಕ್ಷೆ ಮಾಡಿದರೂ ಗಡ್ಡೆಯೊಳಗಿನ ನಂಜು ಕಣ್ಣಿಗೆ ಕಾಣುವುದಿಲ್ಲ. ಅದು ಗೊತ್ತಾಗುವುದು ಹೊಲದಲ್ಲಿ ಗಿಡ ಮುರುಟಿದ ಮೇಲೆ. ಮಾರುವವನಿಗೆ ಗೊತ್ತಿರುವುದು ಕೊಳ್ಳುವವನಿಗೆ ಗೊತ್ತಿಲ್ಲದಿದ್ದಾಗ ಒಳ್ಳೆಯ ಸರಕಿಗೂ ಕಳಪೆ ಸರಕಿಗೂ ಒಂದೇ ಬೆಲೆ ನಿಂತು, ಕ್ರಮೇಣ ಒಳ್ಳೆಯ ಸರಕು ಮಾರುಕಟ್ಟೆಯಿಂದ ಹಿಂದೆ ಸರಿಯುತ್ತದೆ ಎಂದು ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಉದಾಹರಣೆಯಿಂದ ತೋರಿಸಿದರು. ಆ ಲೇಖನದಲ್ಲೇ ಭಾರತದ ಹಳ್ಳಿಯ ಸಾಲದ ಮಾರುಕಟ್ಟೆಯ ಪ್ರಸ್ತಾಪವೂ ಇದೆ. 2001ರಲ್ಲಿ ಅವರಿಗೆ ಸ್ಪೆನ್ಸ್ ಮತ್ತು ಸ್ಟಿಗ್ಲಿಟ್ಸ್ ಅವರೊಡನೆ ನೊಬೆಲ್ ಸ್ಮಾರಕ ಪ್ರಶಸ್ತಿ ಬಂದಿತು. ಹಳೆಯ ಕಾರಿನ ಮಾರುಕಟ್ಟೆಯನ್ನು ಕಾಣದ ಹಳ್ಳಿಯ ಹುಡುಗನಿಗೆ ಈ ವಿಚಾರ ತಿಳಿಸಲು ಬಿತ್ತನೆ ಗಡ್ಡೆಯ ಮೂಟೆಗಿಂತ ಬೇರೆ ಸಾಧನ ಬೇಕಿಲ್ಲ. ಪ್ರಮಾಣೀಕರಣದ ಚೀಟಿ, ವ್ಯಾಪಾರಿಯ ಹೆಸರು, ಮೂಟೆಯ ಮೇಲಿನ ಗುರುತು ಇವೆಲ್ಲ ಯಾಕಿವೆ ಎಂಬುದಕ್ಕೆ ಆತನೇ ಉತ್ತರ ಕಂಡುಕೊಳ್ಳುತ್ತಾನೆ.

ಅಂಗಮಾರಿ ರೋಗದ ಬಗ್ಗೆಯೂ ಹೇಳಬೇಕು. 1845ರಿಂದ ಐರ್ಲೆಂಡನ್ನು ಹಸಿವಿಗೆ ದೂಡಿದ ರೋಗವೇ ಇದು. ನಮ್ಮಲ್ಲಿ ಹೆಚ್ಚಾಗಿ ಬೆಳೆಯುತ್ತಿದ್ದ ಕುಫ್ರಿ ಜ್ಯೋತಿ ತಳಿಗೆ ಮೊದಲಲ್ಲಿದ್ದ ನಿರೋಧಕ ಶಕ್ತಿ ಕಾಲಕ್ರಮದಲ್ಲಿ ಕುಂದಿತು. ಸೋನೆ ಮಳೆ, ಮಂಜು, ತಂಪು ಒಟ್ಟಾದ ವಾರಗಳಲ್ಲಿ ಹಸಿರು ಹೊಲ ಕೆಲವೇ ದಿನಗಳಲ್ಲಿ ಸುಟ್ಟಂತಾಗುತ್ತದೆ. ಇಂಥ ವರ್ಷಗಳ ಪೆಟ್ಟು ತಿಂದ ಮೇಲೆ ಆಲೂಗಡ್ಡೆಯ ವಿಸ್ತೀರ್ಣ ಜಿಲ್ಲೆಯಲ್ಲಿ ಬಹಳವಾಗಿ ಕುಗ್ಗಿತು, ಮುಸುಕಿನ ಜೋಳ ಆ ಜಾಗ ಹಿಡಿಯಿತು. ಜೋಳಕ್ಕೆ ಬಿತ್ತನೆ ಖರ್ಚು ಕಡಿಮೆ, ಆಳುಗಳು ಕಡಿಮೆ ಸಾಕು, ಕೋಳಿ ಆಹಾರದ ಕಾರ್ಖಾನೆಗಳಿಂದ ಬೇಡಿಕೆಯಿದೆ. ಲಾಭ ಕಡಿಮೆಯಾದರೂ ನಷ್ಟದ ಭಯವೂ ಕಡಿಮೆಯಿರುವ ಬೆಳೆಯನ್ನು ಸಣ್ಣ ಹಿಡುವಳಿದಾರ ಆರಿಸಿಕೊಂಡದ್ದು ಸಂಪೂರ್ಣ ವಿವೇಕದ ತೀರ್ಮಾನ. ಅದನ್ನು ಹಿಂಜರಿಕೆಯೆಂದು ಕರೆಯುವ ವರದಿಗಳನ್ನು ನಾನು ಒಪ್ಪಲಾರೆ.

ಸಾಲದ ವಿಷಯದಲ್ಲಿ ನಾನು ಕಾರವಾರದಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞೆ ಕೃಷ್ಣಾ ಭಾರದ್ವಾಜ್ ಅವರಿಗೆ ಋಣಿ. 1950ರ ದಶಕದ ಬೇಸಾಯ ನಿರ್ವಹಣಾ ಸಮೀಕ್ಷೆಗಳ ಅಂಕಿಅಂಶಗಳನ್ನು ಆಳವಾಗಿ ಓದಿ, ಭಾರತದ ಹಳ್ಳಿಯಲ್ಲಿ ಸಾಲ, ಭೂಮಿ, ಕೂಲಿ ಮತ್ತು ಫಸಲಿನ ಮಾರುಕಟ್ಟೆಗಳು ಒಂದಕ್ಕೊಂದು ಹೆಣೆದುಕೊಂಡಿವೆ ಎಂದು ಅವರು 1970ರ ದಶಕದಲ್ಲಿ ವಾದಿಸಿದರು. ಬಿತ್ತನೆ ಗಡ್ಡೆಯನ್ನು ಸಾಲವಾಗಿ ಪಡೆದ ಬೆಳೆಗಾರ ಅದೇ ಮಂಡಿಗೆ ಫಸಲು ತರಬೇಕಾದಾಗ ಬೀಜದ ಬೆಲೆ, ಬಡ್ಡಿ, ಫಸಲಿನ ಬೆಲೆ ಇವುಗಳಲ್ಲಿ ಯಾವುದು ಎಷ್ಟು ಎಂದು ಬಿಡಿಸಿ ನೋಡುವುದು ಕಷ್ಟ. ಬಡ್ಡಿ ಇಲ್ಲವೆಂದು ಹೇಳಿದ ಸಾಲದಲ್ಲಿ ಬಡ್ಡಿ ಬೀಜದ ಬೆಲೆಯೊಳಗೆ ಸೇರಿರಬಹುದು. ಹಾಗೆಂದು ಮಂಡಿಯವರನ್ನು ಖಳರೆಂದು ಚಿತ್ರಿಸುವುದೂ ಸರಿಯಲ್ಲ. ಜಾಮೀನು ಕೇಳದೆ, ಬಿತ್ತನೆಯ ವಾರದಲ್ಲೇ ಸಾಲ ಕೊಡುವವರು ಬೇರೆ ಯಾರಿದ್ದಾರೆ ಎಂದು ಬೆಳೆಗಾರರು ಕೇಳುವ ಪ್ರಶ್ನೆಗೆ ಬ್ಯಾಂಕುಗಳು ಇನ್ನೂ ತಕ್ಕ ಉತ್ತರ ಕೊಟ್ಟಿಲ್ಲ. ಸರ್ಕಾರ ಬಿತ್ತನೆ ಗಡ್ಡೆಗೆ ಸಹಾಯಧನ ಕೊಟ್ಟ ವರ್ಷಗಳಲ್ಲಿ ಅದರ ಲಾಭ ಬೆಳೆಗಾರನಿಗೆ ಎಷ್ಟು ತಲುಪಿತು, ಬೀಜದ ಬೆಲೆ ಏರಿ ಎಷ್ಟು ಸೋರಿತು ಎಂಬುದೂ ಇದೇ ಬಗೆಯ ಪ್ರಶ್ನೆ. ಲಾರಿಗಳು ಬಂದು ನಿಂತ ಮೇಲೆ ಆ ಹಂಗಾಮಿಗೆ ಬೀಜದ ಪೂರೈಕೆ ಹೆಚ್ಚುಕಡಿಮೆ ನಿಗದಿಯಾಗಿಬಿಡುತ್ತದೆ. ಬೆಲೆ ಏರಿದರೂ ಪೂರೈಕೆ ಹೆಚ್ಚದ ಕಡೆ ಸಹಾಯಧನ ಮಾರುವವನ ಕಡೆಗೆ ವಾಲುತ್ತದೆ ಎಂಬುದು ತೆರಿಗೆ ಭಾರದ ಪಾಠದಲ್ಲೇ ಇದೆ.

ಮನೆಯ ಲೆಕ್ಕವನ್ನು ಬರೆಯಿಸುವ ಕೆಲಸವನ್ನು ನಾನು ಹೆಚ್ಚಾಗಿ ವಿದ್ಯಾರ್ಥಿನಿಯರಿಗೆ ವಹಿಸುತ್ತಿದ್ದೆ. ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗ ಕೈಯಿಂದ ಕೊಟ್ಟ ಖರ್ಚನ್ನು ಬೇರೆಯಾಗಿ, ಮನೆಯವರ ದುಡಿಮೆಯ ಮೌಲ್ಯವನ್ನು ಸೇರಿಸಿ ಬೇರೆಯಾಗಿ, ಸ್ವಂತ ಭೂಮಿಯ ಗೇಣಿ ಮತ್ತು ಬಂಡವಾಳದ ಬಡ್ಡಿಯನ್ನೂ ಸೇರಿಸಿ ಮತ್ತೆ ಬೇರೆಯಾಗಿ ಲೆಕ್ಕ ಹಾಕುತ್ತದೆ. ಈ ವ್ಯತ್ಯಾಸವನ್ನು ಪುಸ್ತಕದಿಂದ ಉರು ಹೊಡೆದವರು ಪರೀಕ್ಷೆ ಮುಗಿದ ಮೇಲೆ ಮರೆಯುತ್ತಾರೆ. ಗಡ್ಡೆ ಕೊಯ್ದವರು ಯಾರು, ಕಳೆ ತೆಗೆದವರು ಯಾರು, ಮಣ್ಣು ಏರಿಸಿದವರು ಯಾರು, ಮುಯ್ಯಾಳಿಗೆ ಹೋಗಿ ಬಂದವರು ಯಾರು ಎಂದು ದಿನ ದಿನ ಬರೆದ ವಿದ್ಯಾರ್ಥಿನಿ ಮರೆಯುವುದಿಲ್ಲ. ಒಬ್ಬಳು ತಂದ ಲೆಕ್ಕದ ಪುಸ್ತಕದಲ್ಲಿ ಮೊದಲು ಆಕೆಯ ತಂದೆ ಹೇಳಿ ಬರೆಸಿದ ಖರ್ಚಿನ ಪಟ್ಟಿಯಿತ್ತು: ಬೀಜ, ಗೊಬ್ಬರ, ಔಷಧಿ, ಟ್ರ್ಯಾಕ್ಟರ್ ಬಾಡಿಗೆ, ಕೂಲಿ. ಅದರ ಕೆಳಗೆ ಆಕೆ ಬೇರೆ ಶಾಯಿಯಲ್ಲಿ ತಾಯಿಯ ಮತ್ತು ಅಜ್ಜಿಯ ದಿನಗಳನ್ನು, ಮುಯ್ಯಾಳಾಗಿ ಬಂದವರಿಗೆ ತಿರುಗಿ ಕೊಡಬೇಕಾದ ದಿನಗಳನ್ನು ಸೇರಿಸಿದ್ದಳು. ಮೇಲಿನ ಪಟ್ಟಿಯ ಪ್ರಕಾರ ಆ ವರ್ಷ ಲಾಭ, ಕೆಳಗಿನದನ್ನು ಕೂಡಿದರೆ ನಷ್ಟ. ತರಗತಿಯಲ್ಲಿ ಅದನ್ನು ಓದಿದಾಗ ಎದ್ದ ಪ್ರಶ್ನೆ ಇವತ್ತಿಗೂ ತೀರಿಲ್ಲ: ಬೇರೆ ಕೆಲಸ ಸಿಗದ ಊರಿನಲ್ಲಿ ಆ ದಿನಗಳಿಗೆ ಯಾವ ದರ ಕಟ್ಟಬೇಕು?

ಅಂಕಿಅಂಶಗಳ ಬಗ್ಗೆ ಒಂದು ಮಾತು. ಪಹಣಿಯ ಬೆಳೆ ಕಾಲಂ ಹೊಲದ ಬೆಳೆಗೆ ಹೊಂದದಿರುವುದು ನಮಗೆಲ್ಲ ತಿಳಿದ ಸಂಗತಿ; ಈಚಿನ ವರ್ಷಗಳ ಮೊಬೈಲ್ ಬೆಳೆ ಸಮೀಕ್ಷೆ ಅದನ್ನು ಸ್ವಲ್ಪಮಟ್ಟಿಗೆ ಸರಿಪಡಿಸಿದೆ. ಡಿ. ಎಂ. ನಂಜುಂಡಪ್ಪ ಅವರ ಸಮಿತಿ 35 ಸೂಚಕಗಳಿಂದ ರಾಜ್ಯದ 175 ತಾಲೂಕುಗಳ ಹಿಂದುಳಿದಿರುವಿಕೆಯನ್ನು ಅಳೆದು 2002ರಲ್ಲಿ ವರದಿ ಕೊಟ್ಟಾಗ ತಾಲೂಕು ಮಟ್ಟದ ಅಂಕಿಅಂಶಕ್ಕೆ ಎಂಥ ಬಲವಿದೆಯೆಂಬುದು ನಾಡಿಗೆ ತಿಳಿಯಿತು. ತಾಲೂಕಿಗಿಂತ ಕೆಳಗೆ, ಹಳ್ಳಿ ಮತ್ತು ಮನೆಯ ಮಟ್ಟದಲ್ಲಿ, ವರ್ಷ ವರ್ಷವೂ ತಪ್ಪದೆ ದಾಖಲೆ ಇಡುವ ಶಕ್ತಿ ಇರುವುದು ಜಿಲ್ಲೆಯ ಕಾಲೇಜುಗಳಿಗೆ. ವಿ. ಕೆ. ಆರ್. ವಿ. ರಾವ್ ಅವರು 1972ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯಂತಹ ಕಡೆಯಿಂದ ತಂಡವೊಂದು ಬಂದು ಕೆಲವು ವಾರ ಸಮೀಕ್ಷೆ ಮಾಡಬಹುದು, ಚೆನ್ನಾಗಿಯೇ ಮಾಡುತ್ತಾರೆ. ಆದರೆ ಬೀಜ ಅಗ್ಗವಾದ ವರ್ಷ ಮತ್ತು ದುಬಾರಿಯಾದ ವರ್ಷ ಎರಡನ್ನೂ ಅದೇ ಮನೆಗಳಲ್ಲಿ ನೋಡಬೇಕಾದರೆ ಇಲ್ಲೇ ಇರುವವರು ಬೇಕು.

ಪ್ರಕಟಣೆಯ ವಿಷಯವನ್ನು ಹೆಚ್ಚು ಬೆಳೆಸುವುದಿಲ್ಲ. ಹಣ ಕೊಟ್ಟರೆ ವಾರದಲ್ಲಿ ಲೇಖನ ಅಚ್ಚು ಮಾಡುವ ಪತ್ರಿಕೆಗಳಿಂದ ದೂರವಿರಿ ಎಂದಷ್ಟೇ ಕಿರಿಯ ಸಹೋದ್ಯೋಗಿಗಳಲ್ಲಿ ಕೇಳಿಕೊಳ್ಳುತ್ತೇನೆ. ಪಠ್ಯಕ್ರಮ ಬದಲಾಗುತ್ತಲೇ ಇರುತ್ತದೆ. 2021ರಲ್ಲಿ ಬಂದ ನಾಲ್ಕು ವರ್ಷದ ಪದವಿ 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ತಿರುಗಿತು. ಪಠ್ಯದ ಹೆಸರು ಏನೇ ಆಗಲಿ, ಬೇಡಿಕೆ, ಪೂರೈಕೆ, ವೆಚ್ಚ, ಸಾಲ ಎಂಬ ಅಧ್ಯಾಯಗಳು ಅದರಲ್ಲಿ ಇದ್ದೇ ಇರುತ್ತವೆ. ಕೆಲಸ ಖಾಯಂ ಆಗದೆ ವರ್ಷಗಳಿಂದ ದುಡಿಯುತ್ತಿರುವ ಅತಿಥಿ ಉಪನ್ಯಾಸಕರಿಗೆ ಇಂಥ ದೀರ್ಘ ಅಧ್ಯಯನ ಮಾಡಿರೆಂದು ಹೇಳುವ ಮೊದಲು, ಮುಂದಿನ ವರ್ಷವೂ ಅವರು ಅದೇ ಕಾಲೇಜಿನಲ್ಲಿ ಇರುವರೆಂಬ ಭರವಸೆಯನ್ನು ಸರ್ಕಾರ ಕೊಡಬೇಕು. ಇದನ್ನು ಇಲ್ಲಿ ಹೇಳದೆ ಹೋಗುವುದು ಅನ್ಯಾಯವಾಗುತ್ತದೆ.

ಈಗ ಹಾಸನದಲ್ಲಿ ಹೊಸದೊಂದು ಪ್ರಯತ್ನ ನಡೆದಿದೆ. ಅಂಗಾಂಶ ಕೃಷಿಯಿಂದ ಪಡೆದ ರೋಗಮುಕ್ತ ಗಿಡದ ಕುಡಿಗಳನ್ನು ಕತ್ತರಿಸಿ, ಬೇರು ಬರಿಸಿ, ಸಸಿಯಾಗಿ ನೆಟ್ಟು, ಅದರಿಂದ ಬಿತ್ತನೆ ಗಡ್ಡೆಯನ್ನು ಇಲ್ಲೇ ಬೆಳೆಯುವ ಪದ್ಧತಿ ಅದು. ಇದು ನೆಲೆಗೊಂಡರೆ ಜಲಂಧರದ ಬೆಲೆಗೂ ನಮ್ಮ ಬಿತ್ತನೆಗೂ ಇರುವ ನಂಟು ಸಡಿಲವಾಗಬಹುದು. ಆಗ ಇಲ್ಲಿಯ ಬೆಳೆಗಾರ ಏನನ್ನು ನೋಡಿ ವಿಸ್ತೀರ್ಣ ತೀರ್ಮಾನಿಸುತ್ತಾನೆ? ಬೀಜ ಮನೆಯ ಹತ್ತಿರವೇ ಸಿಕ್ಕರೆ ಮಂಡಿಯ ಸಾಲದ ಕಟ್ಟು ಉಳಿಯುತ್ತದೆಯೇ, ಅಥವಾ ಸಸಿ ಬೆಳೆಸುವವರ ಕೈಗೆ ಹೋಗುತ್ತದೆಯೇ? ಸಸಿ ನೆಡುವ, ನೀರುಣಿಸುವ ಹೆಚ್ಚಿನ ದುಡಿಮೆ ಮನೆಯ ಯಾರ ಪಾಲಿಗೆ ಬರುತ್ತದೆ? ಈ ಪ್ರಶ್ನೆಗಳಿಗೆ ಉತ್ತರ ಬೇಕಾದರೆ ಬದಲಾವಣೆಗೆ ಮೊದಲಿನ ಸ್ಥಿತಿಯ ದಾಖಲೆ ಈಗಲೇ ಆಗಬೇಕು. ನಾನು ಕಟ್ಟಿಟ್ಟ ಹಾಳೆಗಳನ್ನು, ಮನೆಯವರ ಹೆಸರುಗಳನ್ನು ತೆಗೆದು, ಅಧ್ಯಯನ ಮಾಡಬಯಸುವ ಯಾರಿಗಾದರೂ ಕೊಡಲು ಸಿದ್ಧನಿದ್ದೇನೆ. ಬರುವ ಏಪ್ರಿಲಿನಲ್ಲಿ ಲಾರಿಗಳು ಎಪಿಎಂಸಿಗೆ ಬರುವುದರೊಳಗೆ ನಿಮ್ಮ ನಿಮ್ಮ ತರಗತಿಗಳಲ್ಲಿ ಪ್ರಶ್ನಾವಳಿ ಸಿದ್ಧವಾಗಿದ್ದರೆ ಈ ಹಂಗಾಮಿನಿಂದಲೇ ಕೆಲಸ ಆರಂಭಿಸಬಹುದು.